ಮುಗಿಯದ ಆಟಕ್ಕೆ ಯಾರ ಒಪ್ಪಿಗೆ?

ಹೊಸ ಮನೆಯ ಮಾಡು ಸೋರುತ್ತದೆಯೋ ಇಲ್ಲವೋ ಎಂಬುದು ಮೊದಲ ಮಳೆ ಸುರಿಯುವವರೆಗೆ ಕಟ್ಟಿದ ಮೇಸ್ತ್ರಿಗೂ ತಿಳಿಯದು. ಅಂತರ್ಜಾಲದಲ್ಲಿ ಹಲವರು ಸೇರಿ ಆಡುವ ಆಟಗಳ ವಿಷಯವೂ ಅಷ್ಟೇ. ಸಾವಿರಾರು ಮಂದಿ ಒಮ್ಮೆಗೇ ಒಳಬಂದರೆ ಸರ್ವರ್ ತಾಳಿಕೊಳ್ಳುತ್ತದೆಯೇ, ನಾಲ್ವರು ಗೆಳೆಯರು ಒಟ್ಟಾಗಿ ಕಟ್ಟಿದ ಸೇತುವೆ ನಾಲ್ವರ ಪರದೆಯ ಮೇಲೂ ಒಂದೇ ಸ್ಥಳದಲ್ಲಿ ಕಾಣುತ್ತದೆಯೇ ಎಂಬುದನ್ನು ತಯಾರಕರು ತಮ್ಮ ಕೊಠಡಿಯಲ್ಲಿ ಕುಳಿತು ಪೂರ್ತಿಯಾಗಿ ಅರಿಯಲಾರರು. ಆದುದರಿಂದಲೇ ಆಟ ಅರ್ಧದಲ್ಲಿರುವಾಗ ಹೊರಗಿನವರನ್ನು ಕರೆದು ಆಡಿಸಿ ನೋಡುವ ಪದ್ಧತಿ ಬೆಳೆದುಬಂದಿದೆ. ಇಂದು ಆ ಕರೆ ಹೈಸ್ಕೂಲು ಮಕ್ಕಳ ಕೈಯಲ್ಲಿರುವ ಫೋನಿಗೂ ಬರುತ್ತಿದೆ. ಮಕ್ಕಳಿಗೆ ಅದು ಆಟ. ಕಾನೂನಿನ ಕಣ್ಣಿಗೆ ಅದು ಆಟದೊಂದಿಗೆ ಒಂದು ಕರಾರು ಕೂಡ. ಈ ಎರಡನೆಯ ಮುಖವನ್ನು ಹೆತ್ತವರು ಅರಿತಿದ್ದರೆ ಮೊದಲನೆಯದನ್ನು ಮಕ್ಕಳು ನೆಮ್ಮದಿಯಿಂದ ಅನುಭವಿಸಬಹುದು.

ಬಳಕೆಯಲ್ಲಿರುವ ಹೆಸರುಗಳಿಂದಲೇ ಆರಂಭಿಸುವುದು ಒಳ್ಳೆಯದು. ಹಲವು ಭಾಗಗಳು ಇನ್ನೂ ಸೇರದಿರುವ ಮೊದಲ ಹಂತದ ಆಟಕ್ಕೆ ‘ಆಲ್ಫಾ’ ಎನ್ನುತ್ತಾರೆ. ಭಾಗಗಳೆಲ್ಲ ಬಹುಮಟ್ಟಿಗೆ ಕೂಡಿಕೊಂಡು, ದೋಷಗಳನ್ನು ಹುಡುಕಿ ತಿದ್ದುವ ಕೆಲಸ ಉಳಿದಿರುವುದು ‘ಬೀಟಾ’. ಆಹ್ವಾನ ಪಡೆದವರು ಮಾತ್ರ ಆಡುವುದು ‘ಕ್ಲೋಸ್ಡ್ ಬೀಟಾ’. ಬಂದವರಿಗೆಲ್ಲ ಬಾಗಿಲು ತೆರೆದಿರುವುದು ‘ಓಪನ್ ಬೀಟಾ’. ಅಪೂರ್ಣ ಆಟವನ್ನು ಹಣಕ್ಕೆ ಮಾರಿ, ಮಾರಿದ ಬಳಿಕ ಅದನ್ನು ಮುಗಿಸುತ್ತ ಹೋಗುವ ಪದ್ಧತಿಗೆ ‘ಅರ್ಲಿ ಆಕ್ಸೆಸ್’ ಎಂದು ಹೆಸರು. ಕಂಪ್ಯೂಟರ್ ಆಟಗಳ ದೊಡ್ಡ ಮಳಿಗೆಯಾದ ಸ್ಟೀಮ್ ಈ ವಿಭಾಗವನ್ನು 2013ರ ಮಾರ್ಚ್ ತಿಂಗಳಲ್ಲಿ ತೆರೆಯಿತು. ಅದೇ ಮಳಿಗೆಯ ‘ಪ್ಲೇಟೆಸ್ಟ್’ ಬೇರೆ. ಅದರಲ್ಲಿ ಸೇರಲು ಹಣ ಕೊಡಬೇಕಾಗಿಲ್ಲ. ಕರೆ ಬಂದಾಗ ಅದು ಇವುಗಳಲ್ಲಿ ಯಾವುದು ಎಂದು ಕೇಳುವುದೇ ಮೊದಲ ಪ್ರಶ್ನೆ.

ಪದ್ಧತಿ ತಾನಾಗಿ ಕೆಟ್ಟದ್ದಲ್ಲ. ಇಂದು ಮಕ್ಕಳೆಲ್ಲರೂ ಬಲ್ಲ ಮೈನ್‌ಕ್ರಾಫ್ಟ್ 2009ರ ಮೇ ತಿಂಗಳಲ್ಲಿ ಸಾರ್ವಜನಿಕರ ಮುಂದೆ ಬಂದಾಗ ಒಬ್ಬನೇ ವ್ಯಕ್ತಿ ಬರೆದ, ತೀರ ಅಪೂರ್ಣವಾದ ಆಟವಾಗಿತ್ತು. ಅದನ್ನು ಕಡಿಮೆ ಬೆಲೆಗೆ ಕೊಂಡವರು ಆಡುತ್ತಲೇ ಹೋದರು, ದೋಷಗಳನ್ನು ಹೇಳುತ್ತಲೇ ಹೋದರು. ಪೂರ್ಣ ರೂಪ ಸಿದ್ಧವಾದುದು 2011ರ ನವೆಂಬರ್‌ನಲ್ಲಿ. ಸ್ವೀಡನ್ನಿನ ಐವರ ಪುಟ್ಟ ತಂಡವೊಂದು ರೂಪಿಸಿದ ವಾಲ್‌ಹೈಮ್ 2021ರ ಫೆಬ್ರವರಿ 2ರಂದು ಅರ್ಲಿ ಆಕ್ಸೆಸ್‌ನಲ್ಲಿ ಮಾರಾಟಕ್ಕೆ ಬಂತು. ಹತ್ತು ಮಂದಿಯವರೆಗೆ ಒಂದೇ ಲೋಕದಲ್ಲಿ ಸೇರಿ ಮರ ಕಡಿದು, ಮನೆ ಕಟ್ಟಿ, ಒಬ್ಬರಿಗೊಬ್ಬರು ಕಾವಲು ನಿಂತು ಆಡುವ ಆಟ ಅದು. ಆಗ ಅದರ ಭೂಪಟದ ಕೆಲವು ಪ್ರದೇಶಗಳು ಬಹುತೇಕ ಬರಿದಾಗಿದ್ದವು. ಒಂದು ಪ್ರದೇಶ ತುಂಬಿದುದು 2022ರಲ್ಲಿ, ಮತ್ತೊಂದು 2024ರಲ್ಲಿ. ಕೊಂಡವರು ಕಾಯಬೇಕಾಯಿತು, ಆದರೆ ಕೊಟ್ಟ ಮಾತು ಉಳಿಯಿತು.

ಮಾತು ಉಳಿಯದ ಉದಾಹರಣೆಯೂ ಇದೆ. ‘ದ ಡೇ ಬಿಫೋರ್’ ಎಂಬ ಆಟ ವರ್ಷಗಳ ಕಾಲ ಪ್ರಚಾರ ಪಡೆದು 2023ರ ಡಿಸೆಂಬರ್ 7ರಂದು ಅರ್ಲಿ ಆಕ್ಸೆಸ್‌ನಲ್ಲಿ ಮಾರಾಟವಾಯಿತು. ಪ್ರಚಾರದಲ್ಲಿ ಕಂಡ ವಿಶಾಲ ಲೋಕ ಕೈಗೆ ಬಂದ ಆಟದಲ್ಲಿ ಇರಲಿಲ್ಲವೆಂಬ ದೂರು ಎಲ್ಲೆಡೆಯಿಂದ ಕೇಳಿಬಂತು. ನಾಲ್ಕೇ ದಿನಗಳಲ್ಲಿ ತಯಾರಕ ಸಂಸ್ಥೆ ತಾನು ಮುಚ್ಚುತ್ತಿರುವುದಾಗಿ ಪ್ರಕಟಿಸಿತು. ಮಾರಾಟ ನಿಂತಿತು, ಕೊಂಡವರಿಗೆ ಹಣ ಮರಳಿಸುವ ವ್ಯವಸ್ಥೆಯಾಯಿತು, 2024ರ ಜನವರಿಯಲ್ಲಿ ಸರ್ವರ್‌ಗಳೂ ಆರಿದವು. ಸರ್ವರ್ ಆರಿದ ಮೇಲೆ ಅಂತಹ ಆಟ ಕೊಂಡವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅಪೂರ್ಣ ಆಟವನ್ನು ಕೊಳ್ಳುವವರು ಇಂದು ಏನಿದೆಯೋ ಅದಕ್ಕೆ ಬೆಲೆ ಕಟ್ಟಬೇಕು, ಮುಂದೆ ಬರಲಿರುವುದಕ್ಕಲ್ಲ. ಸ್ಟೀಮ್ ಮಳಿಗೆಯೂ ಇಂತಹ ಪ್ರತಿಯೊಂದು ಆಟದ ಪುಟದಲ್ಲಿ ಇದೇ ಅರ್ಥದ ಎಚ್ಚರಿಕೆಯನ್ನು ಮುದ್ರಿಸುತ್ತದೆ. ಕೊಂಡ ಹದಿನಾಲ್ಕು ದಿನಗಳ ಒಳಗೆ, ಆಡಿದ ಅವಧಿ ಎರಡು ಗಂಟೆ ಮೀರದಿದ್ದರೆ ಹಣ ಹಿಂದಿರುಗಿಸುವ ನಿಯಮವೂ ಅಲ್ಲಿದೆ. ಮೊದಲ ಎರಡು ಗಂಟೆಗಳನ್ನು ಪರೀಕ್ಷೆಗೆಂದೇ ಮೀಸಲಿಡುವುದು ಜಾಣತನ.

ಇನ್ನು ಒಪ್ಪಿಗೆಯ ಪ್ರಶ್ನೆ. ಪರೀಕ್ಷೆಗೆ ಸೇರುವಾಗ ಪರದೆಯ ಮೇಲೆ ಉದ್ದನೆಯ ಬರಹವೊಂದು ಮೂಡಿ, ಕೆಳಗೆ ‘ಒಪ್ಪಿದ್ದೇನೆ’ ಎಂಬ ಗುಂಡಿ ಕಾಣಿಸುತ್ತದೆ. ಹದಿಮೂರು ವರ್ಷದ ಹುಡುಗನೊಬ್ಬ ಅದನ್ನು ಒತ್ತಿದರೆ ಏನಾಗುತ್ತದೆ? 1872ರ ಭಾರತೀಯ ಕರಾರು ಅಧಿನಿಯಮದ 11ನೆಯ ಕಲಮಿನ ಪ್ರಕಾರ ಪ್ರಾಪ್ತವಯಸ್ಕರು ಮಾತ್ರ ಕರಾರು ಮಾಡಿಕೊಳ್ಳಲು ಅರ್ಹರು. ಪ್ರಾಪ್ತವಯಸ್ಸು ಹದಿನೆಂಟು. 1903ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದ ಮೊಹೊರಿ ಬೀಬಿ ಮತ್ತು ಧರ್ಮದಾಸ ಘೋಷ್ ಮೊಕದ್ದಮೆಯನ್ನು ಕಾನೂನು ಓದಿದವರೆಲ್ಲರೂ ಬಲ್ಲರು. ಕಲ್ಕತ್ತೆಯ ಅಪ್ರಾಪ್ತವಯಸ್ಕನೊಬ್ಬ ಸಾಲಕ್ಕಾಗಿ ತನ್ನ ಆಸ್ತಿಯನ್ನು ಅಡವಿಟ್ಟು ಬರೆದುಕೊಟ್ಟ ಪತ್ರ ಆರಂಭದಿಂದಲೇ ಶೂನ್ಯವೆಂದು ಅಲ್ಲಿ ನಿರ್ಣಯವಾಯಿತು. ನೂರು ವರ್ಷಗಳ ಹಿಂದಿನ ಅಡಮಾನಕ್ಕೆ ಅನ್ವಯಿಸಿದ ತತ್ತ್ವವೇ ಇಂದಿನ ‘ಒಪ್ಪಿದ್ದೇನೆ’ ಗುಂಡಿಗೂ ಅನ್ವಯಿಸುತ್ತದೆ.

ಹಾಗಾದರೆ ಮಗು ಏನನ್ನು ಒತ್ತಿದರೂ ಚಿಂತೆಯಿಲ್ಲ ಎಂದು ತಿಳಿಯುವುದು ತಪ್ಪು. ಕರಾರು ಮಗುವನ್ನು ಬಂಧಿಸುವುದಿಲ್ಲವೆಂದರೆ ಆ ಕರಾರಿನ ಬಲದಿಂದ ಮಗು ಏನನ್ನಾದರೂ ಕೇಳುವುದೂ ಕಷ್ಟವೆಂದೇ ಅರ್ಥ. ಖಾತೆಯನ್ನು ಸಂಸ್ಥೆ ಮುಚ್ಚಿದರೆ ಕೇಳುವ ದಾರಿ ಕಿರಿದಾಗುತ್ತದೆ. ತಂದೆಯ ಅಥವಾ ತಾಯಿಯ ಖಾತೆಯಿಂದ ಒತ್ತಿದ್ದರೆ ಹೊಣೆ ಅವರ ತಲೆಗೇ ಬರಬಹುದು. ಹುಟ್ಟಿದ ವರ್ಷವನ್ನು ಹಿಂದಕ್ಕೆ ಹಾಕಿ ದೊಡ್ಡವನಾಗಿ ತೋರಿಸಿಕೊಳ್ಳುವ ಉಪಾಯವಂತೂ ಎರಡು ಕಡೆಯಿಂದಲೂ ನಷ್ಟ: ಸುಳ್ಳು ವಯಸ್ಸಿನಿಂದ ಕರಾರು ಸಿಂಧುವಾಗದು, ಅದರ ಬದಲು ಅಪರಿಚಿತರ ಸಂದೇಶ ತಡೆಯುವುದೇ ಮೊದಲಾಗಿ ಮಕ್ಕಳ ಖಾತೆಗೆಂದು ಇಟ್ಟ ರಕ್ಷಣೆಗಳು ಕಳಚಿಬೀಳುತ್ತವೆ. ಅನೇಕ ವಿದೇಶಿ ಆಟಗಳು ಹದಿಮೂರು ತುಂಬಿದರೆ ಸಾಕು ಎನ್ನುವುದಕ್ಕೆ ಅಮೆರಿಕದ ಕಾನೂನು ಕಾರಣ. ಭಾರತದ ಎಣಿಕೆ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಹದಿನೆಂಟರ ಕೆಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಅವರ ಮಾಹಿತಿ ಬಳಸಲು ಹೆತ್ತವರ ಅಥವಾ ರಕ್ಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ನಡವಳಿಕೆಯ ಜಾಡು ಹಿಡಿಯುವುದನ್ನೂ ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ ನಿಷೇಧಿಸುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ರೂಪಿಸಲ್ಪಟ್ಟಿವೆ.

ಪರೀಕ್ಷೆಯ ಆಟದಲ್ಲಿ ಈ ಮಾಹಿತಿಯ ಮಾತಿಗೆ ವಿಶೇಷ ತೂಕವಿದೆ. ಮುಗಿದ ಆಟಕ್ಕಿಂತ ಪರೀಕ್ಷೆಯ ಆಟ ಆಡುವವನನ್ನು ಹೆಚ್ಚು ಗಮನಿಸುತ್ತದೆ. ಗಮನಿಸುವುದೇ ಅದರ ಉದ್ದೇಶ. ಎಲ್ಲಿ ನಿಂತ, ಎಲ್ಲಿ ಸೋತ, ಯಾವ ಗಳಿಗೆಯಲ್ಲಿ ಬೇಸತ್ತು ಹೊರನಡೆದ ಎಂಬುದೆಲ್ಲ ದಾಖಲಾಗಬಹುದು. ಆಟ ಸುಧಾರಿಸಲು ಅದು ಬೇಕು. ಆದರೆ ಫೋನಿನ ಸಂಪರ್ಕ ಸಂಖ್ಯೆಗಳ ಪಟ್ಟಿ, ಭಾವಚಿತ್ರಗಳು, ಇರುವ ಸ್ಥಳ ಇವೂ ಬೇಕೆಂದು ಆಟ ಕೇಳಿದರೆ ಏಕೆಂದು ಕೇಳುವ ಹಕ್ಕು ಮನೆಯವರಿಗಿದೆ. ಗೆಳೆಯರೊಂದಿಗೆ ಮಾತನಾಡಲು ಮೈಕ್ ಬೇಕು, ಸರಿ. ಸೇತುವೆ ಕಟ್ಟುವ ಆಟಕ್ಕೆ ಅಜ್ಜಿಯ ಫೋನ್ ನಂಬರು ಬೇಕಾಗಿಲ್ಲ.

ಕ್ಲೋಸ್ಡ್ ಬೀಟಾದಲ್ಲಿ ಇನ್ನೊಂದು ಷರತ್ತು ಹಲವು ಬಾರಿ ಇರುತ್ತದೆ: ಗೋಪ್ಯತೆ. ಪರದೆಯ ಚಿತ್ರ ತೆಗೆಯಕೂಡದು, ವಿಡಿಯೊ ಹಂಚಕೂಡದು, ಕಂಡದ್ದನ್ನು ಹೊರಗೆ ಹೇಳಕೂಡದು. ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದ ಒಂದು ಚಿತ್ರ ಸಾಕು, ಖಾತೆ ರದ್ದಾಗಲು. ಪರೀಕ್ಷೆ ಮುಗಿದಾಗ ಆಟಗಾರರು ಗಳಿಸಿದ್ದೆಲ್ಲವನ್ನೂ ಅಳಿಸಿಹಾಕುವ ಷರತ್ತು ಕೂಡ ಸಾಮಾನ್ಯ. ಐಫೋನಿನಲ್ಲಿ ಪರೀಕ್ಷೆಯ ಆಟಗಳನ್ನು ಹಂಚುವ ಟೆಸ್ಟ್‌ಫ್ಲೈಟ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಆವೃತ್ತಿಯ ಆಯುಸ್ಸು ತೊಂಬತ್ತು ದಿನ ಮಾತ್ರ. ಬೇಸಿಗೆ ರಜೆಯಿಡೀ ಕಟ್ಟಿದ ಕೋಟೆ ಜೂನ್‌ನಲ್ಲಿ ಇಲ್ಲವಾಗುತ್ತದೆಂದು ಮೊದಲೇ ತಿಳಿದಿದ್ದರೆ ಮಗುವಿನ ಕಣ್ಣೀರು ಅಷ್ಟರಮಟ್ಟಿಗೆ ಕಡಿಮೆ.

ಗೆಳೆಯರು ಕೂಡಿ ಆಡುವಾಗ ಹುಟ್ಟುವ ತಕರಾರು ಇನ್ನೊಂದು ಬಗೆಯದು. ಕುಂಬಳೆಯ ಒಬ್ಬ, ಬದಿಯಡ್ಕದ ಇಬ್ಬರು, ಓದಿಗೆಂದು ಮಂಗಳೂರಿಗೆ ಹೋದ ಹಳೆಯ ಸಹಪಾಠಿ ಒಬ್ಬಳು, ಹೀಗೆ ನಾಲ್ವರು ಸಂಜೆ ಒಂದು ಗಂಟೆ ಒಂದೇ ಲೋಕದಲ್ಲಿ ಸೇರುತ್ತಾರೆಂದು ಭಾವಿಸಬಹುದು. ಇಂತಹ ಅನೇಕ ಆಟಗಳಲ್ಲಿ ಆ ಲೋಕ ಇರುವುದು ಆಕಾಶದಲ್ಲಲ್ಲ, ಆಟವನ್ನು ತೆರೆದು ಉಳಿದವರನ್ನು ಕರೆದವನ ಕಂಪ್ಯೂಟರಿನ ಒಂದು ಕಡತದಲ್ಲಿ. ಅವನು ಬಾರದ ದಿನ ಉಳಿದ ಮೂವರಿಗೆ ಬಾಗಿಲಿಲ್ಲ. ಅವನ ಯಂತ್ರ ಕೆಟ್ಟರೆ ನಾಲ್ವರ ಮೂರು ತಿಂಗಳ ದುಡಿಮೆ ಹೋಯಿತು. ಅವನೊಂದಿಗೆ ಜಗಳವಾದರೆ? ಕೂಡುಕುಟುಂಬದ ಪಾಲುಪಟ್ಟಿಯ ವ್ಯಾಜ್ಯಗಳಲ್ಲಿ ಕೇಳಿಬರುವ ಪ್ರಶ್ನೆಯೇ ಇಲ್ಲಿಯೂ ಏಳುತ್ತದೆ: ದುಡಿದವರು ಎಲ್ಲರೂ, ಬೀಗದ ಕೈ ಒಬ್ಬನಲ್ಲಿ. ಅಪೂರ್ಣ ಆಟದಲ್ಲಿ ಕಡತ ಕೆಡುವ ಸಂಭವ ಇನ್ನೂ ಹೆಚ್ಚು. ಆದುದರಿಂದ ಆಡಲು ತೊಡಗುವ ಮೊದಲೇ ಮೂರು ಮಾತುಗಳು ಇತ್ಯರ್ಥವಾಗಲಿ. ವಾರಕ್ಕೊಮ್ಮೆ ಆ ಕಡತದ ಪ್ರತಿಯನ್ನು ಎಲ್ಲರಿಗೂ ಕೊಡುವುದು. ಗುಂಪು ಒಡೆದರೆ ಪ್ರತಿಯೊಬ್ಬರೂ ತಮ್ಮ ಪ್ರತಿಯಿಂದ ಮುಂದುವರಿಯುವುದು. ಐದನೆಯವರನ್ನು ಸೇರಿಸಬೇಕಾದರೆ ನಾಲ್ವರೂ ಒಪ್ಪುವುದು. ಮಕ್ಕಳು ಇದನ್ನು ಕಾಗದದ ಮೇಲೆ ಬರೆದು ಸಹಿ ಹಾಕಲಿ. ನ್ಯಾಯಾಲಯದಲ್ಲಿ ಅದಕ್ಕೆ ಬೆಲೆಯಿರದು, ಗೆಳೆತನದಲ್ಲಿ ಇರುತ್ತದೆ.

ಪರೀಕ್ಷಿಸುವವರು ಕೊಡಬೇಕಾದದ್ದು ದೋಷದ ವರದಿ. ಇಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಹಿಂಜರಿಯುವುದುಂಟು. ಇಂಗ್ಲಿಷ್ ಚೆನ್ನಾಗಿ ಬಾರದವರು ಬರೆದರೆ ಯಾರು ಓದುತ್ತಾರೆ ಎಂಬ ಅಳುಕು ಅದು. ಆದರೆ ಒಳ್ಳೆಯ ದೋಷವರದಿ ಭಾಷೆಯ ಬೆಡಗಿನಿಂದ ಆಗುವುದಿಲ್ಲ. ಅದು ನ್ಯಾಯಾಲಯಕ್ಕೆ ಸಲ್ಲಿಸುವ ಫಿರ್ಯಾದಿನ ಹಾಗೆ: ಎಲ್ಲಿ, ಯಾವಾಗ, ಏನು ಮಾಡುತ್ತಿದ್ದಾಗ, ಏನಾಗಬೇಕಿತ್ತು, ಏನಾಯಿತು, ಮತ್ತೆ ಮಾಡಿದಾಗಲೂ ಹಾಗೆಯೇ ಆಯಿತೇ. ‘ಆಟ ಸರಿಯಿಲ್ಲ, ಹ್ಯಾಂಗ್ ಆಗುತ್ತದೆ’ ಎಂಬ ಬರಹ ಯಾವ ತಯಾರಕನಿಗೂ ಉಪಯೋಗಕ್ಕೆ ಬಾರದು. ‘ನಾಲ್ವರು ಒಂದೇ ಕೋಣೆಯಲ್ಲಿದ್ದೆವು. ಇಬ್ಬರು ಒಂದೇ ಕ್ಷಣದಲ್ಲಿ ಪೆಟ್ಟಿಗೆ ತೆರೆದೆವು. ಒಬ್ಬನ ಪರದೆಯಲ್ಲಿ ಅದು ಖಾಲಿ. ಇನ್ನೊಬ್ಬನಿಗೆ ಹತ್ತು ಹಲಗೆಗಳು ಕಂಡವು. ಮೂರು ಸಲ ಮಾಡಿ ನೋಡಿದೆವು, ಮೂರು ಸಲವೂ ಹೀಗೆಯೇ’ ಎಂಬ ಬರಹ ಬಂಗಾರ. ಮೊದಲು ಕನ್ನಡದಲ್ಲಿ ಬರೆದು, ಬಳಿಕ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಿಗೆ ತಿರುಗಿಸಿದರೆ ಸಾಕು.

ಕೂಡಿ ಆಡುವವರ ವರದಿಗೆ ಬೆಲೆ ಹೆಚ್ಚುವುದಕ್ಕೆ ಕಾರಣವಿದೆ. ಆಡುವ ಪ್ರತಿಯೊಂದು ಯಂತ್ರವೂ ಆ ಲೋಕದ ತನ್ನದೇ ಪ್ರತಿಯನ್ನು ಇಟ್ಟುಕೊಂಡಿರುತ್ತದೆ. ಅಂತರ್ಜಾಲದ ಮೂಲಕ ಅವು ಒಂದಕ್ಕೊಂದು ಹೊಂದಿಕೊಳ್ಳುತ್ತಿರಬೇಕು. ಸಂಪರ್ಕ ತುಸು ನಿಧಾನವಾದರೆ ಒಬ್ಬನ ಪರದೆಯಲ್ಲಿ ತೆರೆದ ಬಾಗಿಲು ಇನ್ನೊಬ್ಬಳ ಪರದೆಯಲ್ಲಿ ಮುಚ್ಚಿರುತ್ತದೆ. ಈ ಬಗೆಯ ದೋಷ ಒಂಟಿಯಾಗಿ ಆಡುವವನ ಕಣ್ಣಿಗೆ ಎಂದಿಗೂ ಬೀಳದು. ಹಳ್ಳಿಯ ಏರುಪೇರಿನ ಸಂಪರ್ಕದಲ್ಲಿ ಆಡುವ ಮಕ್ಕಳು ಅದನ್ನು ನಗರದವರಿಗಿಂತ ಬೇಗ ಕಾಣುತ್ತಾರೆ. ಒಂದೇ ಘಟನೆಗೆ ನಾಲ್ವರು ಸಾಕ್ಷಿಗಳು, ನಾಲ್ಕು ಬೇರೆ ಬೇರೆ ಹೇಳಿಕೆಗಳು. ಜಗಳವಾಡದೆ ಅವನ್ನು ಒಟ್ಟಿಗಿಟ್ಟು, ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಎಂದು ಗುರುತಿಸುವುದು ಮಕ್ಕಳಿಗೆ ಬೇರೆಲ್ಲೂ ಸುಲಭವಾಗಿ ಸಿಗದ ಶಿಕ್ಷಣ.

ಇನ್ನೊಂದು ದೋಷವನ್ನಂತೂ ಕನ್ನಡ ಓದಬಲ್ಲವರೇ ಹೇಳಬೇಕು. ಅನೇಕ ಆಟಗಳಲ್ಲಿ ಕನ್ನಡದಲ್ಲಿ ಹೆಸರು ಟೈಪಿಸಿದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ನಿಲ್ಲುತ್ತದೆ, ಇಲ್ಲವೇ ಅಕ್ಷರದ ಬದಲು ಖಾಲಿ ಚೌಕ ಕಾಣುತ್ತದೆ. ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುವ ರೋಮನ್ ಅಕ್ಷರಗಳನ್ನಷ್ಟೇ ಮನಸ್ಸಿನಲ್ಲಿಟ್ಟು ಬರೆದ ತಂತ್ರಾಂಶಕ್ಕೆ ಕೆಳಗೆ ಇಳಿಯುವ ಒತ್ತು ಗೊತ್ತಿರುವುದಿಲ್ಲ. ಆಟ ಮುಗಿದ ಮೇಲೆ ಇದನ್ನು ತಿದ್ದುವುದು ದುಬಾರಿ. ಅರ್ಧದಲ್ಲಿರುವಾಗ ಹೇಳಿದರೆ ತಿದ್ದುವ ಸಾಧ್ಯತೆ ಹೆಚ್ಚು. ಮೈನ್‌ಕ್ರಾಫ್ಟ್‌ನ ಭಾಷೆಗಳ ಪಟ್ಟಿಯಲ್ಲಿ ಇಂದು ಕನ್ನಡವೂ ಇದೆ; ಆ ಅನುವಾದ ಸ್ವಯಂಸೇವಕರ ಕೊಡುಗೆ. ಕನ್ನಡದಲ್ಲಿ ಪಾಠ ಹೇಳಿಸಿಕೊಳ್ಳುವ ಹಕ್ಕಿಗಾಗಿ ಗಡಿನಾಡಿನವರು ಮನವಿ ಸಲ್ಲಿಸಿ ಸಲ್ಲಿಸಿ ಅನುಭವಸ್ಥರು. ಆಟದ ತಯಾರಕನ ಮೇಲೆ ಸಂವಿಧಾನದ ಒತ್ತಾಯವೇನೂ ಇಲ್ಲ. ಅಲ್ಲಿ ನಡೆಯುವುದು ಸ್ಪಷ್ಟವಾಗಿ ಬರೆದ ವರದಿಯ ಬಲ ಮಾತ್ರ. ಚಿತ್ರಸಹಿತವಾಗಿ ‘ಈ ಅಕ್ಷರ ಹೀಗೆ ಕಾಣಬೇಕು, ಹೀಗೆ ಕಾಣುತ್ತಿದೆ’ ಎಂದು ಏಳನೆಯ ತರಗತಿಯ ಹುಡುಗಿ ಬರೆದರೂ ಅದು ವರದಿಯೇ.

ಕರೆ ಹತ್ತಿರದವರಿಂದಲೂ ಬರಬಹುದು. 2023ರ ನವೆಂಬರ್ 13ರ ನಂತರ ಗೂಗಲ್ ಪ್ಲೇಯಲ್ಲಿ ವೈಯಕ್ತಿಕ ತಯಾರಕ ಖಾತೆ ತೆರೆದವರು ತಮ್ಮ ಆಟವನ್ನು ಪ್ರಕಟಿಸುವ ಮೊದಲು ಕ್ಲೋಸ್ಡ್ ಪರೀಕ್ಷೆ ನಡೆಸಬೇಕೆಂಬ ನಿಯಮವಿದೆ. ಮೊದಲು ಇಪ್ಪತ್ತು ಮಂದಿ ಬೇಕಾಗಿತ್ತು. ಈಗ ಕನಿಷ್ಠ ಹನ್ನೆರಡು ಮಂದಿ ಸತತ ಹದಿನಾಲ್ಕು ದಿನ ಪರೀಕ್ಷಕರಾಗಿ ಉಳಿಯಬೇಕು. ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ನೆಂಟರಿಷ್ಟರ ಮನೆಗಳಿಗೆ ಬಂದು ಇಮೇಲ್ ವಿಳಾಸ ಕೇಳುತ್ತಿದ್ದರೆ ಕಾರಣ ಬಹುಶಃ ಇದೇ. ಸಹಾಯ ಮಾಡುವುದರಲ್ಲಿ ತಪ್ಪಿಲ್ಲ. ದೊಡ್ಡವರ ಇಮೇಲ್ ಕೊಡುವುದು ಲೇಸು.

ಇದಕ್ಕೆ ಹೋಲುವ ವಂಚನೆಯೂ ಇದೆ. ಗೆಳೆಯನ ಖಾತೆಯಿಂದಲೇ ಸಂದೇಶ ಬರುತ್ತದೆ: ‘ಒಂದು ಹೊಸ ಆಟ ಮಾಡಿದ್ದೇನೆ, ಆಡಿ ನೋಡಿ ಹೇಳು.’ ಜತೆಗೆ ಒಂದು ಕಡತ. ಕಳುಹಿಸಿದವನು ಗೆಳೆಯನಲ್ಲ, ಅವನ ಖಾತೆ ಕದ್ದವನು. ಕಡತ ಆಟವಲ್ಲ, ಗುಪ್ತಪದಗಳನ್ನು ದೋಚುವ ತಂತ್ರಾಂಶ. ಅಂಗಡಿಯ ಪುಟದ ಮೂಲಕ ಬಂದ ಪರೀಕ್ಷೆಗೂ ನೇರವಾಗಿ ಕೈಗಿತ್ತ ಕಡತಕ್ಕೂ ಇರುವ ಅಂತರವನ್ನು ಮಕ್ಕಳಿಗೆ ಕಲಿಸಬೇಕು. ಕಡತ ಬಂದರೆ ಮೊದಲು ಆ ಗೆಳೆಯನಿಗೆ ಫೋನ್ ಮಾಡಿ ಅವನ ದನಿ ಕೇಳುವುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡುವುದು.

ಪಣವಿಟ್ಟು ಗೆದ್ದರೆ ಹಣ ಎನ್ನುವ ಆಟ ‘ಬೀಟಾ’ ಎಂಬ ಹಣೆಪಟ್ಟಿ ಹಚ್ಚಿಕೊಂಡರೂ ಅದು ಪಣದ ಆಟವೇ. 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಅಧಿನಿಯಮ ಅಂತಹವನ್ನು ನಿಷೇಧಿಸುತ್ತದೆ. ಪಣದ ಸ್ವರೂಪವಿಲ್ಲದೆ ಚಂದಾ ಅಥವಾ ಒಮ್ಮೆ ಕೊಡುವ ಪ್ರವೇಶಶುಲ್ಕದ ಸಾಮಾಜಿಕ ಆಟಗಳನ್ನು ಅದು ಬೇರೆಯಾಗಿಯೇ ಕಾಣುತ್ತದೆ. ಗೆಳೆಯರು ಕೂಡಿ ಮನೆ ಕಟ್ಟುವ ಆಟಕ್ಕೆ ಈ ಕಾನೂನಿನ ಭಯ ಬೇಡ.

ಮುಂದಿನ ಸಲ ಮಗು ಪರೀಕ್ಷೆಯ ಕರೆಯೊಂದನ್ನು ತೋರಿಸಿದಾಗ ಫೋನನ್ನು ಕಸಿದುಕೊಳ್ಳುವುದೂ ಬೇಡ, ಓದದೆ ಒತ್ತಿಕೊಡುವುದೂ ಬೇಡ. ಹತ್ತು ನಿಮಿಷ ಪಕ್ಕದಲ್ಲಿ ಕುಳಿತು, ಷರತ್ತುಗಳಲ್ಲಿ ನಾಲ್ಕು ಉತ್ತರಗಳನ್ನು ಇಬ್ಬರೂ ಸೇರಿ ಹುಡುಕಲಿ: ಏನನ್ನು ಕೊಡಬೇಕು, ಏನು ಸಿಗುತ್ತದೆ, ಪರೀಕ್ಷೆ ಮುಗಿದಾಗ ಏನು ಉಳಿಯುತ್ತದೆ, ದೋಷ ಕಂಡರೆ ಯಾರಿಗೆ ಬರೆಯಬೇಕು. ಇಂಗ್ಲಿಷ್ ಪದ ಕಠಿನವಾದಲ್ಲಿ ಶಾಲೆಯ ಟೀಚರನ್ನು ಕೇಳಬಹುದು. ನಾಲ್ಕಕ್ಕೂ ಉತ್ತರ ಸಿಕ್ಕಿದ ಮೇಲೆ ಗುಂಡಿಯನ್ನು ಹೆತ್ತವರು ಒತ್ತಲಿ. ಆಟ ಮಕ್ಕಳು ಆಡಲಿ.